ಮಣ್ಣೊಳಗಿನ ಗಡ್ಡೆಗೆ ನೀರು

ಹಿತ್ತಲಿನ ತರಕಾರಿಗಳಲ್ಲಿ ಹೆಚ್ಚಿನವು ತಮ್ಮ ಬಾಯಾರಿಕೆಯನ್ನು ಬೆಳೆಯುವವರ ಕಣ್ಣೆದುರೇ ತೋರಿಸಿಕೊಳ್ಳುತ್ತವೆ. ಬದನೆಯ ಎಲೆ ಬೆಳಗಿನ ಹೊತ್ತಿಗೇ ಜೋತುಬಿದ್ದರೆ, ಬೆಂಡೆಕಾಯಿ ಬೆರಳುದ್ದ ಬೆಳೆಯುವ ಮೊದಲೇ ನಾರಾದರೆ, ಟೊಮೆಟೊ ಕಾಯಿಯ ತಳ ಕಪ್ಪಾಗಿ ಕುಸಿದರೆ, ನೀರಿನಲ್ಲಿ ಏನೋ ಏರುಪೇರಾಗಿದೆ ಎಂದು ಅಂದೇ ತಿಳಿದು ಸರಿಪಡಿಸಬಹುದು. ಆಲೂಗಡ್ಡೆಯಲ್ಲಿ ಈ ಅನುಕೂಲವಿಲ್ಲ. ನಾವು ತಿನ್ನುವ ಭಾಗ ಮೂರು ತಿಂಗಳಷ್ಟು ಕಾಲ ಮಣ್ಣಿನೊಳಗೆ ಇರುತ್ತದೆ, ಮೇಲೆ ಗಿಡ ಹಸಿರಾಗಿ ನಿಂತಿದೆ ಎಂದ ಮಾತ್ರಕ್ಕೆ ಕೆಳಗೆ ಗಡ್ಡೆ ಸರಿಯಾಗಿ ಕಟ್ಟುತ್ತಿದೆ ಎಂದು ಹೇಳಲು ಬರುವುದಿಲ್ಲ. ಹಲವು ವರ್ಷಗಳಿಂದ ಹಾಸನದ ನಮ್ಮ ಮನೆಯ ಹಿತ್ತಲಿನಲ್ಲಿ ಪ್ರತಿ ಚಳಿಗಾಲ ಒಂದೆರಡು ಮಡಿ ಆಲೂಗಡ್ಡೆ ಹಾಕುತ್ತ ಬಂದ ನನಗೆ ದೃಢವಾಗಿರುವ ವಿಷಯವೆಂದರೆ, ಈ ಬೆಳೆಗೆ ಒಟ್ಟು ಎಷ್ಟು ನೀರು ಕೊಟ್ಟೆವು ಎಂಬುದಕ್ಕಿಂತ ಯಾವ ಹಂತದಲ್ಲಿ ಕೊಟ್ಟೆವು, ಎಷ್ಟು ಸಮನಾಗಿ ಕೊಟ್ಟೆವು ಎಂಬುದು ಹೆಚ್ಚು ಮುಖ್ಯ, ಮತ್ತು ಅದರಲ್ಲಿ ಆದ ಪ್ರತಿಯೊಂದು ಏರುಪೇರೂ ಕೊನೆಯಲ್ಲಿ ಗಡ್ಡೆಯ ಆಕಾರದಲ್ಲೋ ಸಿಪ್ಪೆಯಲ್ಲೋ ತಿರುಳಿನಲ್ಲೋ ಕಂಡೇ ಕಾಣುತ್ತದೆ.

ಹಾಸನವೆಂದರೆ ಆಲೂಗಡ್ಡೆಯ ಸೀಮೆ. ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದ ನೆಲ, ನೀರು ಬಸಿದುಹೋಗುವ ಕೆಂಪು ಮಣ್ಣು, ಮುಂಗಾರಿನಲ್ಲಿ ತಂಪಾದ ಹವೆ, ಇವು ಸೇರಿ ಇಲ್ಲಿ ಮಳೆಯಾಶ್ರಯದಲ್ಲಿಯೇ ಆಲೂಗಡ್ಡೆ ಬೆಳೆಯುವುದು ಸಾಧ್ಯವಾಯಿತು. ಕೃತ್ತಿಕೆ, ರೋಹಿಣಿ ಮಳೆಗಳ ಹೊತ್ತಿಗೆ, ಎಂದರೆ ಮೇ ತಿಂಗಳಲ್ಲಿ, ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಗಡ್ಡೆಯ ಲಾರಿಗಳು ಹಾಸನದ ಮಾರುಕಟ್ಟೆಗೆ ಬರುತ್ತವೆ, ಮಳೆ ಹದವಾದ ಕೂಡಲೇ ರೈತರು ಬಿತ್ತುತ್ತಾರೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಹೊಲಗಳಲ್ಲಿ ನೀರಾವರಿಯ ಆಸರೆಯಿಂದ ಚಳಿಗಾಲದಲ್ಲಿಯೂ ಬೆಳೆಯುತ್ತಾರೆ. ಮನೆಯ ಹಿತ್ತಲಿಗೆ ನಾನು ಮುಂಗಾರನ್ನು ಬಿಟ್ಟು ಚಳಿಗಾಲವನ್ನೇ ಆರಿಸಿಕೊಂಡಿದ್ದೇನೆ. ಮುಂಗಾರಿನಲ್ಲಿ ನೀರಿನ ಲಗಾಮು ಆಕಾಶದ ಕೈಯಲ್ಲಿರುತ್ತದೆ, ಮಳೆ ಬೇಡವಾದಾಗ ಅದನ್ನು ತಡೆಯಲು ನಮ್ಮಲ್ಲಿ ಯಾವ ಉಪಾಯವೂ ಇಲ್ಲ. ಸ್ವಾತಿ ಮಳೆ ಕಳೆದ ಮೇಲೆ ನವೆಂಬರಿನ ಆರಂಭದಲ್ಲಿ ನೆಟ್ಟರೆ, ನಡುವೆ ಚಂಡಮಾರುತದ ಮೋಡಗಳು ಒಂದೆರಡು ಸಲ ಬಂದು ಹೋದರೂ, ಉಳಿದ ದಿನಗಳಲ್ಲಿ ನೀರು ಕೊಡುವವರು ನಾವೇ ಆಗಿರುತ್ತೇವೆ. ಆಲೂಗಡ್ಡೆಯ ಸ್ವಭಾವವನ್ನು ಕಲಿಯಬೇಕೆಂದಿರುವವರಿಗೆ ಈ ಕಾಲಕ್ಕಿಂತ ಒಳ್ಳೆಯ ಕಾಲವಿಲ್ಲ.

ತಂಪಿನ ಅಗತ್ಯವನ್ನು ಲಘುವಾಗಿ ನೋಡಬಾರದು. ರಾತ್ರಿಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇದ್ದರೆ ಗಡ್ಡೆ ಚೆನ್ನಾಗಿ ಕಟ್ಟುತ್ತದೆ, ಮಣ್ಣು 30 ಡಿಗ್ರಿ ದಾಟಿದರೆ ಗಡ್ಡೆ ಕಟ್ಟುವ ಕ್ರಿಯೆಯೇ ಹೆಚ್ಚುಕಡಿಮೆ ನಿಂತುಹೋಗುತ್ತದೆ. ಫೆಬ್ರುವರಿಯ ಕೊನೆಯಲ್ಲಿ ನೆಟ್ಟು, ಏಪ್ರಿಲ್ ತಿಂಗಳಲ್ಲಿ ಸೊಂಪಾದ ಗಿಡವನ್ನು ಕಂಡು ಸಂತೋಷಪಟ್ಟು, ಅಗೆದಾಗ ಗೋಲಿಯಷ್ಟು ದಪ್ಪದ ಗಡ್ಡೆಗಳು ಮಾತ್ರ ಸಿಕ್ಕವು ಎಂದು ದುಃಖಿಸಿದವರನ್ನು ನಾನು ಬಲ್ಲೆ. ಅಂಥ ಗಿಡಕ್ಕೆ ಎಷ್ಟು ನೀರು, ಎಷ್ಟು ಗೊಬ್ಬರ ಕೊಟ್ಟಿದ್ದರೂ ಫಲಿತಾಂಶ ಅಷ್ಟೇ ಆಗಿರುತ್ತಿತ್ತು. ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳು. ಪೆರು ಮತ್ತು ಬೊಲಿವಿಯಾಗಳ ನಡುವಿನ ಟಿಟಿಕಾಕಾ ಸರೋವರದ ಸುತ್ತಣ ಎತ್ತರದ ನೆಲದಲ್ಲಿ, ಹಗಲು ಬಿಸಿಲು, ರಾತ್ರಿ ಕೊರೆಯುವ ಚಳಿ ಇರುವಲ್ಲಿ, ಸಾವಿರಾರು ವರ್ಷಗಳ ಹಿಂದೆ ಜನ ಇದನ್ನು ಪಳಗಿಸಿದರು. ಆ ಸರೋವರದ ದಂಡೆಯ ಜೌಗು ಬಯಲುಗಳಲ್ಲಿ ಅವರು ಮಣ್ಣನ್ನು ಎತ್ತರಕ್ಕೆ ಏರಿಸಿ ಉದ್ದುದ್ದನೆಯ ದಿಬ್ಬಗಳನ್ನು ಕಟ್ಟಿ, ಎರಡು ದಿಬ್ಬಗಳ ನಡುವೆ ಕಾಲುವೆಯಲ್ಲಿ ನೀರು ನಿಲ್ಲಿಸಿ, ಮೇಲಿನ ಒಣನೆಲದಲ್ಲಿ ಬೆಳೆ ತೆಗೆಯುತ್ತಿದ್ದರು. ವಾರು ವಾರು ಎಂದು ಕರೆಯುವ ಆ ಪದ್ಧತಿಯಲ್ಲಿ ಬೇರಿಗೆ ಪಕ್ಕದಿಂದ ತೇವ ಸಿಗುತ್ತಿತ್ತು, ಗಡ್ಡೆ ನೀರಿನಲ್ಲಿ ಮುಳುಗುತ್ತಿರಲಿಲ್ಲ, ಹಗಲಿನ ಬಿಸಿಲನ್ನು ಹೀರಿಕೊಂಡ ಕಾಲುವೆಯ ನೀರು ರಾತ್ರಿಯ ಹಿಮದಿಂದ ಗಿಡವನ್ನು ಕಾಪಾಡುತ್ತಿತ್ತು. ನಮ್ಮ ಹೊಲಗಳ ಬೋದು ಮತ್ತು ಸಾಲಿನ ಪದ್ಧತಿಯ ಹಿಂದೆ ಇರುವ ತಿಳಿವಳಿಕೆಯೂ ಇದೇ: ಗಡ್ಡೆ ಮೇಲಿರಬೇಕು, ನೀರು ಕೆಳಗೆ ಪಕ್ಕದಲ್ಲಿ ಹರಿಯಬೇಕು.

ನೆಡುವ ಗಡ್ಡೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಅಂಗಡಿಯಿಂದ ಅಡುಗೆಗೆ ತಂದ ಆಲೂಗಡ್ಡೆ ಬುಟ್ಟಿಯಲ್ಲಿ ಮೊಳೆತಿತೆಂದು ಅದನ್ನೇ ನೆಡುವುದು ಎಲ್ಲರೂ ಮಾಡುವ ಕೆಲಸ, ಕೆಲವೊಮ್ಮೆ ಅದು ಚೆನ್ನಾಗಿ ಬರುವುದೂ ಉಂಟು. ಆದರೆ ಅಡುಗೆಯ ಗಡ್ಡೆ ಯಾವ ಹೊಲದ್ದು, ಅದರೊಳಗೆ ಯಾವ ನಂಜು, ಎಂದರೆ ವೈರಸ್, ಸೇರಿದೆ ಎಂಬುದು ತಿಳಿಯುವುದಿಲ್ಲ, ಕೆಲವು ಶೀತಲಗೃಹಗಳಲ್ಲಿ ಮೊಳಕೆ ಬಾರದಂತೆ ಔಷಧಿ ಹಾಯಿಸುವ ಪದ್ಧತಿಯೂ ಇದೆ. ಆಲೂಗಡ್ಡೆಯ ನಂಜುರೋಗಗಳು ಗಿಡದ ರಸ ಹೀರುವ ಸಸ್ಯಹೇನುಗಳ ಮೂಲಕ ಗಿಡದಿಂದ ಗಿಡಕ್ಕೆ ಹರಡಿ, ಗಡ್ಡೆಯ ಮೂಲಕ ಒಂದು ತಲೆಮಾರಿನಿಂದ ಮುಂದಿನದಕ್ಕೆ ಸಾಗುತ್ತವೆ, ಆದ್ದರಿಂದಲೇ ಒಂದೇ ಗಡ್ಡೆಯ ಸಂತತಿಯನ್ನು ಮನೆಯಲ್ಲಿ ಉಳಿಸಿಕೊಂಡು ನೆಡುತ್ತ ಹೋದರೆ ಇಳುವರಿ ವರ್ಷವರ್ಷಕ್ಕೂ ಕುಗ್ಗುತ್ತದೆ. ಉತ್ತರ ಭಾರತದ ಬಯಲಿನಲ್ಲಿ ಹೇನು ಕಡಿಮೆ ಇರುವ ತಿಂಗಳುಗಳನ್ನು ಗುರುತಿಸಿ ಆ ಅವಧಿಯಲ್ಲಿಯೇ ಬಿತ್ತನೆ ಗಡ್ಡೆ ಬೆಳೆಯುವ ವಿಧಾನವನ್ನು ವಿಜ್ಞಾನಿ ಪುಷ್ಕರನಾಥ್ ರೂಪಿಸಿದರು. ಜಲಂಧರ್‌ನ ಗಡ್ಡೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ ಹಾಸನಕ್ಕೆ ಬರುವುದರ ಹಿಂದಿನ ಕಾರಣವೂ ಅದೇ. ನಮ್ಮಲ್ಲಿ ಹೆಚ್ಚಾಗಿ ಬೆಳೆಯುವ ತಳಿ ಕುಫ್ರಿ ಜ್ಯೋತಿ. ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ ಈ ತಳಿಗೆ ಶಿಮ್ಲಾ ಸಮೀಪದ ಕುಫ್ರಿ ಎಂಬ ಊರಿನ ಹೆಸರು ಸೇರಿದೆ. ಹಿತ್ತಲಿಗೆ ಎರಡು ಕಿಲೋ ಗಡ್ಡೆ ಸಾಕು, ಮುಂಗಾರಿನ ಬೆಳೆ ರೋಗವಿಲ್ಲದೆ ಬಂದ ರೈತರನ್ನು ಕೇಳಿದರೆ ಪ್ರೀತಿಯಿಂದಲೇ ಕೊಡುತ್ತಾರೆ. ಅಗೆದ ಗಡ್ಡೆ ಸುಮಾರು ಎರಡು ತಿಂಗಳು ನಿದ್ರೆಯಲ್ಲಿರುವುದರಿಂದ ಆಗಸ್ಟ್ ಕೊನೆಯಲ್ಲಿ ಕಿತ್ತದ್ದು ನವೆಂಬರಿಗೆ ಸರಿಯಾಗಿ ಕಣ್ಣೊಡೆಯುತ್ತದೆ.

ಕೋಳಿಮೊಟ್ಟೆಯ ಗಾತ್ರದ, ಸುಮಾರು 40 ಗ್ರಾಂ ತೂಗುವ ಗಡ್ಡೆಯನ್ನು ಇಡಿಯಾಗಿಯೇ ನೆಡುವುದು ನನಗೆ ಇಷ್ಟ. ದೊಡ್ಡದಿದ್ದರೆ ಎರಡು ಮೂರು ಕಣ್ಣು ಬರುವಂತೆ ಹೋಳು ಮಾಡಿ, ನೆರಳಿನಲ್ಲಿ ಎರಡು ಮೂರು ದಿನ ಹರಡಿ, ಕೊಯ್ದ ಮೈ ಒಣಗಿ ಪೊರೆಗಟ್ಟಿದ ಮೇಲೆ ನೆಡಬೇಕು. ಕುಡುಗೋಲನ್ನಾಗಲಿ ಚಾಕುವನ್ನಾಗಲಿ ಪ್ರತಿ ಗಡ್ಡೆ ಕೊಯ್ದ ಮೇಲೆ ಕುದಿನೀರಿನಲ್ಲಿ ಅದ್ದಿ ತೆಗೆಯುವುದು ಒಳ್ಳೆಯದು, ಸೊರಗು ರೋಗದ ದುಂಡಾಣು ಒಂದು ಗಡ್ಡೆಯಿಂದ ಇನ್ನೊಂದಕ್ಕೆ ಅಲಗಿನ ಮೂಲಕವೇ ಹರಡುತ್ತದೆ. ನೆಡುವ ಮುನ್ನ ಗಡ್ಡೆಗಳನ್ನು ನೇರ ಬಿಸಿಲು ಬೀಳದ, ಬೆಳಕು ಮಾತ್ರ ಇರುವ ಜಗುಲಿಯಲ್ಲಿ ಹರಡಿಟ್ಟರೆ ಮೊಳಕೆ ಮೋಟಾಗಿ, ದಪ್ಪವಾಗಿ, ಹಸಿರಾಗಿ ಬರುತ್ತದೆ. ಕತ್ತಲಲ್ಲಿ ಬಂದ ಉದ್ದನೆಯ ಬಿಳಿ ಮೊಳಕೆ ನೆಡುವಾಗ ಮುರಿದುಹೋಗುತ್ತದೆ.

ಮಡಿಯ ಮಣ್ಣು ಗುದ್ದಲಿ ಸಲೀಸಾಗಿ ಇಳಿಯುವಷ್ಟು ಸಡಿಲವಾಗಿರಬೇಕು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಧಾರಾಳವಾಗಿಯೂ, ಬೇವಿನ ಹಿಂಡಿ ಅಥವಾ ಹೊಂಗೆ ಹಿಂಡಿಯನ್ನು ಒಂದು ಹಿಡಿಯ ಲೆಕ್ಕದಲ್ಲಿಯೂ ಸೇರಿಸುತ್ತೇನೆ. ಹಸಿ ಸಗಣಿ ಬೇಡವೇ ಬೇಡ. ಒಲೆಯ ಬೂದಿಯ ವಿಷಯದಲ್ಲಿಯೂ ಎಚ್ಚರ ಬೇಕು: ಆಲೂಗಡ್ಡೆ ತುಸು ಹುಳಿ ಗುಣದ ಮಣ್ಣನ್ನು ಬಯಸುತ್ತದೆ, ಬೂದಿ, ಸುಣ್ಣ ಹೆಚ್ಚಾದ ಮಣ್ಣಿನಲ್ಲಿ ಸಿಪ್ಪೆಯ ಮೇಲೆ ಕಜ್ಜಿ ಏಳುವುದು ಜಾಸ್ತಿ. ಬದನೆ, ಟೊಮೆಟೊ, ಮೆಣಸಿನಗಿಡಗಳು ಆಲೂಗಡ್ಡೆಯ ದಾಯಾದಿಗಳಾದ್ದರಿಂದ ಅವು ಇದ್ದ ಮಡಿಯಲ್ಲಿ ಎರಡು ಮೂರು ವರ್ಷ ಇದನ್ನು ಹಾಕುವುದಿಲ್ಲ, ಅವರೆಯೋ ಹುರುಳಿಯೋ ಇದ್ದ ಜಾಗ ಉತ್ತಮ.

ಮೊದಲ ನೀರು ಗಡ್ಡೆ ನೆಡುವ ಮೊದಲೇ ಬೀಳಬೇಕು. ಎರಡು ದಿನ ಮುಂಚೆ ಮಡಿಯನ್ನು ಚೆನ್ನಾಗಿ ನೆನೆಸಿ, ಮಣ್ಣು ಹದಕ್ಕೆ ಬಂದ ಮೇಲೆ ಎರಡಡಿಗೆ ಒಂದರಂತೆ ಸಾಲು ತೆಗೆದು, ಸಾಲಿನಲ್ಲಿ 20 ಸೆಂಟಿಮೀಟರಿಗೊಂದು ಗಡ್ಡೆಯನ್ನು ಮೊಳಕೆ ಮೇಲ್ಮುಖವಾಗಿರುವಂತೆ ಇಟ್ಟು, ಮೂರು ನಾಲ್ಕು ಬೆರಳು ದಪ್ಪ ಮಣ್ಣು ಮುಚ್ಚುತ್ತೇನೆ. ಆ ಬಳಿಕ ಮೊಳಕೆ ಹೊರಬರುವ ತನಕ, ಸುಮಾರು ಎರಡು ವಾರ, ಕೈ ಬಿಗಿಹಿಡಿಯಬೇಕು. ಆಲೂಗಡ್ಡೆಯಲ್ಲಿ ನೂರಕ್ಕೆ ಸುಮಾರು 80 ಭಾಗ ನೀರೇ ಇರುತ್ತದೆ, ಉಳಿದುದರಲ್ಲಿ ಹೆಚ್ಚಿನದು ಪಿಷ್ಟ. ತಾಯಿಗಡ್ಡೆ ದಾರಿಗೆ ಬುತ್ತಿ ಕಟ್ಟಿಕೊಂಡೇ ಮಣ್ಣಿಗೆ ಇಳಿದಿರುತ್ತದೆ, ಬೇರು ಬಂದು ಸ್ವಂತ ದುಡಿಮೆ ಆರಂಭವಾಗುವ ತನಕ ಅದಕ್ಕೆ ನಮ್ಮಿಂದ ಬೇಕಾಗುವುದು ಬಹಳ ಕಡಿಮೆ. ಹೊಸದಾಗಿ ಏನನ್ನೋ ನೆಟ್ಟ ಉತ್ಸಾಹದಲ್ಲಿ ದಿನವೂ ಸಂಜೆ ಕೊಡ ಹಿಡಿದು ಹೋಗಿ ಸುರಿಯುವುದರಿಂದಲೇ ಹೆಚ್ಚಿನ ಹಿತ್ತಲುಗಳಲ್ಲಿ ಗಡ್ಡೆ ಕೊಳೆಯುತ್ತದೆ, ಹೋಳು ಮಾಡಿ ನೆಟ್ಟದ್ದಾದರೆ ಇನ್ನೂ ಬೇಗ. ಮೇಲ್ಮಣ್ಣು ಒಣಗಿ ಬಿರಿಯುವಂತೆ ಕಂಡರೆ ಮಾತ್ರ ಒಮ್ಮೆ ತೆಳುವಾಗಿ ಚಿಮುಕಿಸಿದರೆ ಸಾಕು.

ಗಿಡ ಒಂದು ಗೇಣು ಎತ್ತರವಾದಾಗ ಬುಡಕ್ಕೆ ಮಣ್ಣು ಏರಿಸುತ್ತೇನೆ, ಅದು ನೆಟ್ಟ ಸುಮಾರು ಒಂದು ತಿಂಗಳಿಗೆ ಬರುವ ಕೆಲಸ. ಆಲೂಗಡ್ಡೆ ಬೇರಲ್ಲ, ಕಾಂಡ. ಮಣ್ಣಿನೊಳಗಿನ ಕಾಂಡದ ಗೆಣ್ಣುಗಳಿಂದ ಬಿಳಿಯ ಕುಡಿಗಳು ಅಡ್ಡಲಾಗಿ ಹರಿದು, ಅವುಗಳ ತುದಿ ಊದಿಕೊಂಡು ಗಡ್ಡೆಯಾಗುತ್ತದೆ. ಆ ಕುಡಿ ಬೆಳಕಿಗೆ ಬಂದರೆ ಎಲೆ ಬಿಟ್ಟು ಸಾಧಾರಣ ಕೊಂಬೆಯಾಗಿಬಿಡುತ್ತದೆ, ಗಡ್ಡೆ ಬೆಳಕಿಗೆ ಬಂದರೆ ಹಸಿರಾಗಿ ಸೊಲನಿನ್ ಎಂಬ ಕಹಿ ವಿಷವನ್ನು ತುಂಬಿಕೊಳ್ಳುತ್ತದೆ. ಆದ್ದರಿಂದ ಮಣ್ಣು ಏರಿಸುವುದನ್ನು ಮುಂದೂಡಬಾರದು. ಹೀಗೆ ಏರಿಸಿದಾಗ ಗಿಡಗಳ ಸಾಲು ಬೋದಾಗಿ ಎದ್ದು, ನಡುವೆ ನೀರು ಹಾಯಿಸಲು ತಾನಾಗಿಯೇ ಒಂದು ಕಾಲುವೆ ಸಿಗುತ್ತದೆ. ಅಲ್ಲಿಂದ ಮುಂದೆ ಗಿಡದ ಬುಡಕ್ಕೆ ನೇರವಾಗಿ ನೀರು ಸುರಿಯುವುದನ್ನು ನಾನು ನಿಲ್ಲಿಸುತ್ತೇನೆ. ಸುರಿದರೆ ಏರಿಸಿದ ಮಣ್ಣು ಕರಗಿ ಇಳಿದು ಗಡ್ಡೆಯ ತಲೆ ಹೊರಗೆ ಕಾಣುತ್ತದೆ, ಮಾಡಿದ ಕೆಲಸವೆಲ್ಲ ವ್ಯರ್ಥ.

ನೀರಿನ ಮಟ್ಟಿಗೆ ಇಡೀ ಬೆಳೆಯ ಹಣೆಬರಹ ನಿರ್ಧಾರವಾಗುವುದು ಇದಾದ ಮೇಲಿನ ಎರಡು ಮೂರು ವಾರಗಳಲ್ಲಿ. ಮೇಲೆ ಗಿಡ ಎಂದಿನಂತೆಯೇ ಇರುತ್ತದೆ, ಕೆಲವು ಗಿಡಗಳಲ್ಲಿ ಮೊಗ್ಗು ಕಾಣಿಸಬಹುದು, ಕೆಲವದರಲ್ಲಿ ಏನೂ ಕಾಣಿಸದಿರಬಹುದು. ಕೆಳಗೆ ಕುಡಿಗಳ ತುದಿಗಳು ಬಟಾಣಿ ಕಾಳಿನಷ್ಟು ಊದಿಕೊಳ್ಳುತ್ತಿರುತ್ತವೆ. ಆಗ ಮಣ್ಣು ಒಣಗಿದರೆ ಗಿಡ ತಾನು ಹೊರಬಹುದಾದ ಗಡ್ಡೆಗಳ ಸಂಖ್ಯೆಯನ್ನೇ ಕಡಿಮೆ ಮಾಡಿಕೊಳ್ಳುತ್ತದೆ, ಆಮೇಲೆ ಎಷ್ಟು ನೀರೆರೆದರೂ ಬಿಟ್ಟುಹೋದ ಗಡ್ಡೆ ಮರಳಿ ಬರುವುದಿಲ್ಲ. ಕಜ್ಜಿ ಅಂಟುವುದೂ ಇದೇ ಹೊತ್ತಿನಲ್ಲಿ. ಸಿಪ್ಪೆಯ ಮೇಲೆ ಒರಟು ಕಂದು ಮಚ್ಚೆ ಎಬ್ಬಿಸುವ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಾಣು ಒಣಮಣ್ಣಿನಲ್ಲಿ ಬಲಗೊಳ್ಳುತ್ತದೆ, ಎಳೆಗಡ್ಡೆಯ ಉಸಿರಾಟದ ರಂಧ್ರಗಳ ಮೂಲಕ ಒಳಗೆ ನುಗ್ಗುತ್ತದೆ. ಗಡ್ಡೆ ಕಟ್ಟತೊಡಗಿದ ನಾಲ್ಕಾರು ವಾರ ಮಣ್ಣಿನ ತೇವವನ್ನು ಬಿಡದೆ ಕಾಪಾಡಿದರೆ ಯಾವ ಔಷಧಿಯೂ ಇಲ್ಲದೆ ಕಜ್ಜಿ ಬಹುಮಟ್ಟಿಗೆ ತಗ್ಗುತ್ತದೆ. ನೀರೇ ಔಷಧಿಯಾಗುವ ಇಂಥ ನಿದರ್ಶನಗಳು ತರಕಾರಿ ಬೆಳೆಗಳಲ್ಲಿ ಹೆಚ್ಚಿಲ್ಲ.

ನನ್ನ ದೊಡ್ಡಪ್ಪ ಬಾಳಿನ ಬಹುಭಾಗ ಆಲೂಗಡ್ಡೆ ಬೆಳೆದವರು. ಹಿತ್ತಲಿಗೆ ಬಂದಾಗಲೆಲ್ಲ ಗಿಡ ನೋಡುವ ಮೊದಲು ಬೋದಿನ ಪಕ್ಕಕ್ಕೆ ಕೈ ಹಾಕಿ ಒಂದು ಹಿಡಿ ಮಣ್ಣು ತೆಗೆಯುತ್ತಿದ್ದರು. "ಎಲೆ ನೋಡಿ ನೀರು ಕಟ್ಬೇಡ ಮಗ, ಎಲೆ ಬಾಡೋ ಹೊತ್ತಿಗೆ ಒಳಗೆ ಆಗೋದೆಲ್ಲ ಆಗಿರುತ್ತೆ" ಎಂಬುದು ಅವರ ಮಾತು. ಅವರಿಂದ ಕಲಿತ ಪರೀಕ್ಷೆಯನ್ನೇ ನಾನು ಇಂದಿಗೂ ಮಾಡುತ್ತೇನೆ. ಗಡ್ಡೆ ಇರುವ ಆಳದಿಂದ, ಎಂದರೆ ಮೇಲ್ಮಣ್ಣು ಸರಿಸಿ ಒಂದು ಚೋಟು ಕೆಳಗಿನಿಂದ, ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಬೇಕು. ಉಂಡೆ ಕಟ್ಟಿ, ಬೆರಳು ತಾಗಿಸಿದೊಡನೆ ಒಡೆದರೆ ಹದ ಸರಿಯಾಗಿದೆ. ಉಂಡೆಯೇ ಕಟ್ಟದೆ ಪುಡಿಯಾಗಿ ಉದುರಿದರೆ ನೀರು ತಡವಾಗಿದೆ. ಅಂಗೈಗೆ ಅಂಟಿ ತೇವ ಜಿನುಗಿದರೆ ಇನ್ನೂ ಕೆಲವು ದಿನ ಆ ಕಡೆ ಹೋಗುವ ಅಗತ್ಯವಿಲ್ಲ. ಆಲೂಗಡ್ಡೆಯ ಬೇರುಗಳಲ್ಲಿ ಬಹುಪಾಲು ಒಂದೂವರೆ ಅಡಿಯ ಒಳಗೇ ಹರಡಿರುವುದರಿಂದ ಮೇಲಿನ ಮಣ್ಣಿನ ಸ್ಥಿತಿಯೇ ಅದರ ಸ್ಥಿತಿ. ಆಳಕ್ಕೆ ಇಳಿದು ನೀರು ಹುಡುಕಿಕೊಳ್ಳುವ ಶಕ್ತಿ ಇದಕ್ಕಿಲ್ಲ, ತೊಗರಿಯಂತೆ ಬರ ಸಹಿಸುವ ಗುಣವೂ ಇಲ್ಲ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವೂ ಇದೆ. ಆಲೂಗಡ್ಡೆಯ ಒಂದು ಬೆಳೆಗೆ ಒಟ್ಟು 500ರಿಂದ 700 ಮಿಲಿಮೀಟರ್ ನೀರು ಬೇಕೆಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಮೂರು ಮೀಟರ್ ಉದ್ದ, ಒಂದು ಮೀಟರ್ 20 ಸೆಂಟಿಮೀಟರ್ ಅಗಲದ ಒಂದು ಮಡಿಯಲ್ಲಿ ಎರಡು ಸಾಲಾಗಿ ಸುಮಾರು 30 ಗಿಡ ಹಿಡಿಸುತ್ತದೆ. ಗಡ್ಡೆ ದಪ್ಪವಾಗುವ ಡಿಸೆಂಬರ್ ಕೊನೆ, ಜನವರಿಯ ದಿನಗಳಲ್ಲಿ ಆ ಮಡಿಗೆ ವಾರಕ್ಕೆ ಸುಮಾರು 100 ಲೀಟರ್ ಬೇಕು, ಎಂದರೆ ನಮ್ಮ ಮನೆಯ ಕೊಡದಲ್ಲಿ ಏಳು ಕೊಡ. ಅದನ್ನು ಒಂದೇ ದಿನ ಸುರಿಯದೆ ಎರಡು ಅಥವಾ ಮೂರು ಸಲಕ್ಕೆ ಹಂಚುತ್ತೇನೆ. ಗಿಡ ಚಿಕ್ಕದಿರುವಾಗ ಇದರ ಅರ್ಧವೂ ಬೇಡ. ಮಳೆ ಬಂದ ವಾರ ಈ ಲೆಕ್ಕದಿಂದ ಕಳೆಯಬೇಕು, ಮರಳು ಹೆಚ್ಚಿರುವ ಮಣ್ಣಾದರೆ ಪ್ರಮಾಣ ಅಷ್ಟೇ ಇಟ್ಟು ಸರದಿಯನ್ನು ಹೆಚ್ಚಿಸಬೇಕು. ಅಕ್ಕಿ ತೊಳೆದ ನೀರನ್ನು ಧಾರಾಳವಾಗಿ ಕೊಡಬಹುದು, ಸೋಪು ಬೆರೆತ ಪಾತ್ರೆಯ ನೀರು ಮಾತ್ರ ಬೇಡ. ಆದರೂ ಅಂಕಿಗಿಂತ ಮುಷ್ಟಿಯ ಮಣ್ಣನ್ನೇ ನಾನು ಹೆಚ್ಚು ನಂಬುತ್ತೇನೆ.

ನೀರು ಹಾಯಿಸುವ ಹೊತ್ತು ಬೆಳಗು. ಎಲೆಗೆ ನೀರು ತಾಗಬಾರದು, ಸಂಜೆಯಂತೂ ತಾಗಲೇಬಾರದು. ಇದು ಹಾಸನದವರಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ, ಅಂಗಮಾರಿ ಏನೆಂಬುದನ್ನು ಇಲ್ಲಿನ ಪ್ರತಿ ಮನೆಯೂ ಬಲ್ಲದು. ತಂಪಾದ ಹವೆಯಲ್ಲಿ ಎಲೆ ಒಂದು ರಾತ್ರಿಯಿಡೀ ಒದ್ದೆಯಾಗಿಯೇ ಉಳಿದರೆ ಫೈಟೊಫ್ತೊರ ಎಂಬ ರೋಗಾಣು ಮೊಳೆಯಲು ಅಷ್ಟೇ ಸಾಕು. ಎಲೆಯ ಅಂಚಿನಲ್ಲಿ ನೀರು ಕುಡಿದಂಥ ಕಪ್ಪು ಮಚ್ಚೆ, ಬೆಳಗಿನ ಹೊತ್ತು ಎಲೆಯ ಅಡಿಯಲ್ಲಿ ಬಿಳಿಯ ಬೂಸ್ಟು, ಆಮೇಲೆ ಕೆಲವೇ ದಿನಗಳಲ್ಲಿ ಹೊಲವೆಲ್ಲ ಕುದಿನೀರು ಹೊಯ್ದಂತೆ ಕಪ್ಪಾಗಿ ಮಲಗುತ್ತದೆ. ಮಚ್ಚೆಯಿಂದ ಉದುರಿದ ಬೀಜಾಣುಗಳು ನೀರಿನ ಜೊತೆಗೆ ಮಣ್ಣಿಗಿಳಿದು ಗಡ್ಡೆಯನ್ನೂ ಕೊಳೆಸುತ್ತವೆ, ಬೋದನ್ನು ದಪ್ಪವಾಗಿ ಏರಿಸಿದವರ ಗಡ್ಡೆ ಅಷ್ಟರಮಟ್ಟಿಗೆ ಉಳಿಯುತ್ತದೆ. 1845ರಿಂದ ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ಬರಗಾಲದ ಮೂಲದಲ್ಲಿ ಇದ್ದದ್ದು ಇದೇ ರೋಗ. ಹಾಸನದಲ್ಲಿ ಅಂಗಮಾರಿಯ ಹೊಡೆತ ತಾಳಲಾರದೆ ಎಷ್ಟೋ ಕುಟುಂಬಗಳು ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ, ಶುಂಠಿಗೆ ಹೊರಳಿದವು. ಒಂದು ಕಾಲಕ್ಕೆ ರೋಗನಿರೋಧಕವೆಂದು ಹೆಸರಾಗಿದ್ದ ಕುಫ್ರಿ ಜ್ಯೋತಿ ಕೂಡ ಈಗ ಅದಕ್ಕೆ ಸೋಲುತ್ತದೆ. ಒಂದು ಜಿಲ್ಲೆಯ ಬೆಳೆಯೇ ಕಣ್ಣೆದುರು ಕುಗ್ಗಿಹೋಗುವುದನ್ನು ನೋಡುವ ನೋವು ಸಣ್ಣದಲ್ಲ, ನನ್ನ ದೊಡ್ಡಪ್ಪನ ಹೊಲದಲ್ಲಿಯೂ ಈಗ ಜೋಳವೇ ನಿಂತಿದೆ. ಹಿತ್ತಲಿನಲ್ಲಿ ನಮ್ಮ ಕೈಯಲ್ಲಿರುವುದು ಇಷ್ಟು: ಗಿಡಗಳ ನಡುವೆ ಗಾಳಿ ಆಡುವಂತೆ ಅಂತರ ಬಿಡುವುದು, ನೀರನ್ನು ಕಾಲುವೆಯಲ್ಲಿ ಮಾತ್ರ ಹಾಯಿಸುವುದು, ಮಂಜು ದಟ್ಟವಾಗಿ ಬೀಳುವ ದಿನಗಳಲ್ಲಿ ಎಲೆಗಳನ್ನು ದಿನವೂ ಮಗುಚಿ ನೋಡಿ ಮಚ್ಚೆ ಕಂಡ ಗಿಡವನ್ನು ಕೂಡಲೇ ಕಿತ್ತು ದೂರ ಹೂಳುವುದು.

ನೀರು ಕಡಿಮೆಯಾದಾಗ ಬರುವ ಕೇಡು ಬೇರೆ ಬಗೆಯದು. ಬೋದಿನ ಮಣ್ಣು ಒಣಗಿ ಬಿರುಕು ಬಿಟ್ಟರೆ ಆ ಬಿರುಕೇ ಗಡ್ಡೆ ಪತಂಗಕ್ಕೆ ದಾರಿ. ಈ ಪತಂಗ ತಾನು ಮಣ್ಣನ್ನು ಕೊರೆಯಲಾರದು, ಬಿರುಕಿನಲ್ಲಿ ಇಳಿದು ಗಡ್ಡೆಯ ಕಣ್ಣಿನ ಬಳಿ ಮೊಟ್ಟೆಯಿಡುತ್ತದೆ, ಮರಿಹುಳು ತಿರುಳಿನೊಳಗೆ ಸುರಂಗ ಕೊರೆದು ಕಪ್ಪು ಹಿಕ್ಕೆ ತುಂಬುತ್ತದೆ. ಬಿಸಿಲು ಏರುವ ಫೆಬ್ರುವರಿಯಲ್ಲಿ ಇದರ ಕಾಟ ಹೆಚ್ಚು. ಬಿರುಕು ಮುಚ್ಚಿರುವಷ್ಟು ತೇವ, ಜೊತೆಗೆ ಇನ್ನೊಮ್ಮೆ ಮಣ್ಣು ಏರಿಸುವುದು, ಇವೆರಡೇ ಇದಕ್ಕೆ ಪರಿಹಾರ. ಬೋದಿನ ಮೇಲೆ ತರಗೆಲೆಯನ್ನೋ ಭತ್ತದ ಹುಲ್ಲನ್ನೋ ತೆಳುವಾಗಿ ಹೊದಿಸಿದರೆ ತೇವ ನಿಲ್ಲುತ್ತದೆ, ಮಣ್ಣೂ ತಂಪಾಗಿರುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ಹುಲ್ಲಿಗೆ ಗೆದ್ದಲು ಬೇಗ ಹತ್ತುವುದರಿಂದ ನಾನು ಹೊಂಗೆ, ಬೇವಿನ ಸೊಪ್ಪನ್ನು ಬೆರೆಸಿ ಹೊದಿಸುತ್ತೇನೆ.

ಬೆಂಗಳೂರಿನಲ್ಲಿ ತಾರಸಿಯ ಮೇಲೆ ಚೀಲದಲ್ಲಿ ಆಲೂಗಡ್ಡೆ ಬೆಳೆಯುವ ಗೆಳೆಯರು ಆಗಾಗ ನೀರಿನ ಬಗ್ಗೆಯೇ ಕೇಳುತ್ತಾರೆ. ಚೀಲದ ಮಣ್ಣು ನಾಲ್ಕೂ ಕಡೆಯಿಂದ ಕಾಯುತ್ತದೆ, ನಾಲ್ಕೂ ಕಡೆಯಿಂದ ಒಣಗುತ್ತದೆ, ಆದ್ದರಿಂದ ನೆಲದ ಮಡಿಗೆ ಹೇಳಿದ ಸರದಿ ಅಲ್ಲಿ ನಡೆಯುವುದಿಲ್ಲ. ಗಡ್ಡೆ ದಪ್ಪವಾಗುವ ಕಾಲದಲ್ಲಿ ದಿನವೂ ತಳದ ತೂತಿನಿಂದ ತುಸು ನೀರು ಜಿನುಗುವಷ್ಟು ಕೊಡಬೇಕಾಗಬಹುದು, ಮಧ್ಯಾಹ್ನದ ಬಿಸಿಲು ಚೀಲದ ಮೈಗೆ ನೇರವಾಗಿ ಬೀಳದಂತೆ ಮರೆ ಕಟ್ಟುವುದು ಅದಕ್ಕಿಂತಲೂ ಮುಖ್ಯ. ಚೀಲಕ್ಕೆ ಮಣ್ಣು ತುಂಬುತ್ತ ತುಂಬುತ್ತ ಹೋದರೆ ಅಂತಸ್ತು ಅಂತಸ್ತಾಗಿ ಗಡ್ಡೆ ಬಿಡುತ್ತದೆ ಎಂಬ ವಿಡಿಯೊಗಳನ್ನು ನೋಡಿ ಎದೆಯೆತ್ತರದ ಚೀಲ ತಂದಿಟ್ಟವರಿದ್ದಾರೆ. ನಮ್ಮಲ್ಲಿ ಸಿಗುವ ಅಲ್ಪಾವಧಿ ತಳಿಗಳು ಕಾಂಡದ ಬುಡದ ಕೆಲವು ಗೆಣ್ಣುಗಳಲ್ಲಿಯೇ ಗಡ್ಡೆ ಕಟ್ಟಿ ಮುಗಿಸುತ್ತವೆ, ಒಂದಡಿಗಿಂತ ಹೆಚ್ಚು ಎತ್ತರ ತುಂಬಿದ ಮಣ್ಣು ನೀರನ್ನು ಕುಡಿಯುವುದಕ್ಕಷ್ಟೇ ಸೈ.

ಜನವರಿಯ ಕೊನೆಯ ಹೊತ್ತಿಗೆ ಕೆಳಗಿನ ಎಲೆಗಳು ಹಳದಿಯಾಗತೊಡಗುತ್ತವೆ. ಅದನ್ನು ನೀರಿನ ಕೊರತೆಯೆಂದು ತಿಳಿದು ಇನ್ನಷ್ಟು ಹಾಯಿಸುವ ಮನಸ್ಸಾಗುತ್ತದೆ, ಆಗಲೇ ತಡೆದುಕೊಳ್ಳಬೇಕು. ಗಿಡ ಎಲೆಯಲ್ಲಿದ್ದುದನ್ನೆಲ್ಲ ಗಡ್ಡೆಗೆ ಇಳಿಸಿ ತಾನು ಮುಗಿಯುತ್ತಿದೆ. ಅಗೆಯುವ ಎರಡು ವಾರ ಮೊದಲು ನೀರು ಪೂರ್ತಿ ನಿಲ್ಲಿಸುತ್ತೇನೆ, ಆಮೇಲೆ ಗಿಡವನ್ನು ನೆಲಮಟ್ಟಕ್ಕೆ ಕೊಯ್ದು ಗಡ್ಡೆಯನ್ನು ಮಣ್ಣಿನಲ್ಲಿಯೇ ಬಿಡುತ್ತೇನೆ. ಒಣಮಣ್ಣಿನಲ್ಲಿ ಹೀಗೆ ಬಿಟ್ಟಾಗ ಸಿಪ್ಪೆ ಬಲಿಯುತ್ತದೆ. ಹೆಬ್ಬೆರಳಿನಿಂದ ತಿಕ್ಕಿದಾಗ ಸಿಪ್ಪೆ ಜಾರಿ ಬಂದರೆ ಇನ್ನೂ ಕಾಯಬೇಕು, ಜಾರದಿದ್ದರೆ ಅಗೆಯಬಹುದು. ಗುದ್ದಲಿಯನ್ನು ಬೋದಿನ ನೆತ್ತಿಗೆ ಹಾಕದೆ ಬುಡದಿಂದ ದೂರಕ್ಕೆ ಹಾಕಿ ಮೇಲೆತ್ತಬೇಕು. ಗಿಡಕ್ಕೆ ಅರ್ಧ ಕಿಲೋ ಬಂದರೆ ಒಳ್ಳೆಯ ಬೆಳೆಯೆಂದೇ ಹೇಳಬೇಕು.

ನನಗೆ ಅತ್ಯಂತ ಪ್ರಿಯವಾದದ್ದು ಅಗೆದ ಗಡ್ಡೆಗಳನ್ನು ಹರಡಿಕೊಂಡು ಒಂದೊಂದನ್ನೇ ಕೈಯಲ್ಲಿ ತಿರುಗಿಸಿ ನೋಡುವ ಕೆಲಸ. ನಡುವೆ ಸೊಂಟ ಹಿಡಿದಂತೆ ಸಪೂರವಾಗಿ ಎರಡೂ ತುದಿ ದಪ್ಪವಾದ ಗಡ್ಡೆ ಸಿಕ್ಕರೆ, ಅದು ಬೆಳೆಯುವ ನಡುವೆ ಮಣ್ಣು ಒಮ್ಮೆ ಒಣಗಿ ಮತ್ತೆ ನೆನೆದಿದೆ ಎಂದರ್ಥ: ಒಣಗಿದಾಗ ಬೆಳವಣಿಗೆ ನಿಂತು, ನೀರು ಸಿಕ್ಕಾಗ ಕಣ್ಣಿರುವ ತುದಿಯಿಂದ ಹೊಸದಾಗಿ ಆರಂಭವಾಗಿದೆ. ಮೈಮೇಲೆ ಶುಂಠಿಯಂತೆ ಗುಬುಟುಗಳು ಎದ್ದಿದ್ದರೆ ಕಾರಣ ಅದೇ, ಜೊತೆಗೆ ಬಿಸಿಲಿನ ತಾಪವೂ ಸೇರಿದೆ. ಉದ್ದಕ್ಕೆ ಸೀಳಿ ಮಾಗಿದ ಗಾಯ ಕಂಡರೆ, ಬಹಳ ದಿನ ಒಣಗಿದ್ದ ಮಡಿಗೆ ಒಂದೇ ಸಲ ವಿಪರೀತ ನೀರು ಅಥವಾ ಮಳೆ ಬಿದ್ದು, ಸಿಪ್ಪೆ ಹಿಗ್ಗುವ ಮೊದಲೇ ತಿರುಳು ಹಿಗ್ಗಿದೆ. ದೊಡ್ಡ ಗಡ್ಡೆಯನ್ನು ಹೆಚ್ಚಿದಾಗ ನಡುವೆ ನಕ್ಷತ್ರದಾಕಾರದ ಪೊಳ್ಳು ಸಿಗುವುದೂ ಇಂಥ ಅವಸರದ ಬೆಳವಣಿಗೆಯಿಂದಲೇ. ಸಿಪ್ಪೆಯ ತುಂಬ ಬಿಳಿಯ ಪುಟ್ಟ ಚುಕ್ಕೆಗಳು ಉಬ್ಬಿದ್ದರೆ ಅದು ತದ್ವಿರುದ್ಧದ ಸಂಗತಿ: ಮಣ್ಣು ಬಹಳ ದಿನ ಕೆಸರಾಗಿ, ಗಾಳಿ ಸಿಗದ ಗಡ್ಡೆ ಉಸಿರಾಟದ ರಂಧ್ರಗಳನ್ನು ಅಗಲಿಸಿಕೊಂಡಿದೆ, ಅಂಥ ಗಡ್ಡೆ ಬೇಗ ಕೊಳೆಯುವುದರಿಂದ ಮೊದಲು ಅಡುಗೆಗೆ ಹೋಗಬೇಕು. ಒರಟು ಕಜ್ಜಿ ಕಂಡರೆ ಡಿಸೆಂಬರಿನ ಮೊದಲ ದಿನಗಳಲ್ಲಿ ಮಣ್ಣು ಒಣಗಿತ್ತು. ಮಡಿಯ ಯಾವ ತುದಿಯಲ್ಲಿ ಯಾವ ಬಗೆಯ ಗಡ್ಡೆ ಬಂದಿದೆ ಎಂಬುದನ್ನು ಗಮನಿಸಿದರೆ ನೀರು ಎಲ್ಲಿ ನಿಂತಿತು, ಎಲ್ಲಿಗೆ ತಲುಪಲೇ ಇಲ್ಲ ಎಂಬ ನಕ್ಷೆಯೇ ಕೈಗೆ ಬರುತ್ತದೆ, ಮುಂದಿನ ಸಲ ಆ ಮಡಿಯ ಮಟ್ಟ ಸರಿಮಾಡಲು ಬೇರೆ ಸಾಧನ ಬೇಡ.

ಕಿತ್ತ ಗಡ್ಡೆಗೆ ಅಂಟಿದ ಮಣ್ಣನ್ನು ತೊಳೆಯಬಾರದು. ಅಂಗಡಿಯ ಗಡ್ಡೆಯಂತೆ ಹೊಳೆಯಲಿ ಎಂದು ನಲ್ಲಿಯ ಕೆಳಗೆ ಹಿಡಿದರೆ ತೇವ ಕಣ್ಣುಗಳಲ್ಲಿ ಕುಳಿತು, ಅಗೆಯುವಾಗ ಆದ ಸಣ್ಣ ಗೀರುಗಳ ಮೂಲಕ ಕೊಳೆ ಒಳಗೆ ಸೇರುತ್ತದೆ. ಒಣಮಣ್ಣು ತಾನಾಗಿ ಉದುರುವಷ್ಟು ಕೊಡವಿ, ಬೆಳಕು ಬೀಳದ, ಗಾಳಿಯಾಡುವ ಮೂಲೆಯಲ್ಲಿ ಹತ್ತು ಹದಿನೈದು ದಿನ ಹರಡಿಟ್ಟರೆ ಗಾಯಗಳು ಮಾಗುತ್ತವೆ. ಪತಂಗ ಮನೆಯೊಳಗೂ ಬರುವುದರಿಂದ ಮೇಲೆ ಲಕ್ಕಿಸೊಪ್ಪನ್ನು ಹೊದಿಸುತ್ತೇನೆ. ಆಮೇಲೆ ಗೀರುಬಿದ್ದದ್ದನ್ನೂ ಚುಕ್ಕೆ ಉಬ್ಬಿದ್ದನ್ನೂ ಬೇರೆ ಬುಟ್ಟಿಗೆ ಹಾಕಿ, ಉಳಿದುದನ್ನು ಗೋಣಿಚೀಲದಲ್ಲಿ ತುಂಬಿಟ್ಟು, ಅಡುಗೆಗೆ ಬೇಕಾದಷ್ಟನ್ನು ಮಾತ್ರ ಆಗಾಗ ತೆಗೆದು, ತೊಳೆಯುವುದನ್ನು ಬೇಯಿಸುವ ಹೊತ್ತಿಗೆ ಮಾಡುತ್ತೇವೆ.